ರತ್ನಪಡಿ ವ್ಯಾಪಾರಿ ಶ್ರೀನಿವಾಸನಾಯಕರು

ಹರಿದಾಸವರೇಣ್ಯರಾದ ಶ್ರೀ ಪುರಂದರದಾಸರು ದಾಸದೀಕ್ಷೆಗೆ ಮುನ್ನ ಶ್ರೀನಿವಾಸನಾಯಕರೆಂಬ ರತ್ನಪಡಿ ವ್ಯಾಪಾರಿಗಳಾಗಿದ್ದರೆಂಬುದು ಸರ್ವವಿದಿತ. ಅವರ ಕೀರ್ತನೆಗಳನ್ನು ಕುರಿತು ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಅವರು ತೊರೆದುಬಂದ ವ್ಯಾಪಾರದ ಕಡೆಗೆ ಮಾತ್ರ ನಮ್ಮ ಗಮನ ಹರಿದದ್ದು ಕಡಿಮೆ. ಅದನ್ನರಿಯದೆ ಮೂಗುತಿಯ ಪ್ರಸಂಗದ ನಿಜವಾದ ತೂಕ ತಿಳಿಯದೆಂದು ನನ್ನ ಭಾವನೆ.

ಸಂಪ್ರದಾಯದಂತೆ ಅವರ ಜನನ 1484ರಲ್ಲಿ, ತಂದೆ ವರದಪ್ಪನಾಯಕರು. ಪುಣೆಯ ಬಳಿಯ ಪುರಂದರಗಡವೇ ಜನ್ಮಸ್ಥಳವೆಂಬುದು ಬಹುಕಾಲದ ನಂಬಿಕೆ. ಮುಂಬಯಿವಾಸಿಗಳಾದ ನಮಗೆ ಪ್ರಿಯವಾದ ಮಾತೂ ಹೌದು. ಈಚಿನ ವರ್ಷಗಳಲ್ಲಿ ತಜ್ಞರ ಸಮಿತಿಯೊಂದು ತೀರ್ಥಹಳ್ಳಿಯ ಕಡೆಯ ಆರಗ ಸೀಮೆಯತ್ತ ಬೆರಳು ತೋರಿದೆ. ಒತ್ತೆ, ಬಡ್ಡಿ, ರತ್ನಗಳ ವ್ಯವಹಾರದಿಂದ ಅವರು ನವಕೋಟಿ ನಾರಾಯಣರೆನಿಸಿದರು.

ಆ ಕಾಲದಲ್ಲಿ ರತ್ನಗಳಿಗೆ ದೊಡ್ಡ ಪೇಟೆಯೆಂದರೆ ವಿಜಯನಗರ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಅಲ್ಲಿಯ ಬೀದಿಯಲ್ಲಿ ಮುತ್ತು, ಮಾಣಿಕ್ಯ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಕಂಡು ಬೆರಗಾದನು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಮಹಾನವಮಿಯ ಮೆರವಣಿಗೆಯಲ್ಲಿ ಅರಮನೆಯ ಸ್ತ್ರೀಯರು ಒಡವೆಗಳ ಭಾರ ತಾಳಲಾರದೆ, ಜೊತೆಯವರು ಅವರ ತೋಳುಗಳನ್ನು ಆನಿಸಿ ಹಿಡಿಯಬೇಕಾಗಿತ್ತೆಂದು ಬರೆದಿದ್ದಾನೆ. ಗಣಿಯ ಗುತ್ತಿಗೆದಾರನು 20 ಮಂಜಾಡಿ ತೂಕ ಮೀರಿದ ವಜ್ರವನ್ನು ರಾಜಭಂಡಾರಕ್ಕೆ ಒಪ್ಪಿಸಬೇಕೆಂಬ ಕರಾರನ್ನು ನೂನಿಜ್ ದಾಖಲಿಸಿದ್ದಾನೆ. ಉಳಿದವು ಪೇಟೆಗೆ. ವಜ್ರಕ್ಕೆ ಹೆಸರಾದ ವಜ್ರಕರೂರು ನಮ್ಮ ಗುಂತಕಲ್ ಜಂಕ್ಷನ್ನಿನಿಂದ ದೂರವಿಲ್ಲ. ಮೊದಲ ಮಳೆ ಬಿದ್ದೊಡನೆ ಜನರು ಇಂದಿಗೂ ಅಲ್ಲಿ ಹೊಲಗಳಲ್ಲಿ ಹರಳು ಹುಡುಕುತ್ತಾರೆ.

ಇಂದು ಯಂತ್ರದಲ್ಲಿ ಒಂದೇ ಅಳತೆಗೆ ಕತ್ತರಿಸಿದ ಹರಳುಗಳನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ಕಷ್ಟ. ಅಂದಿನ ಕುಶಲಕರ್ಮಿಗಳು ತೂಕ ನಷ್ಟವಾಗದಂತೆ ವಜ್ರದ ಸಹಜ ಆಕಾರವನ್ನೇ ಬಹುಮಟ್ಟಿಗೆ ಉಳಿಸಿಕೊಂಡು ಸಾಣೆ ಹಿಡಿಯುತ್ತಿದ್ದರು. ಹರಳನ್ನು ಚಿನ್ನದ ಗೂಡಿನಲ್ಲಿ ಕೂರಿಸಿ, ಹಿಂಬದಿಯನ್ನು ಮುಚ್ಚಿ, ಹೊಳಪು ಹೆಚ್ಚಲೆಂದು ಅಡಿಯಲ್ಲಿ ತೆಳುವಾದ ಲೋಹದ ಹಾಳೆ ಇಡುವ ರೂಢಿಯಿತ್ತು. ಕೈಕೆಲಸವಾದ್ದರಿಂದ ಒಂದು ಒಡವೆ ಇನ್ನೊಂದರಂತಿರಲಿಲ್ಲ. ಪಳಗಿದ ಚಿನಿವಾರನಿಗೆ ಪ್ರತಿ ಹರಳೂ ಪರಿಚಿತ ಮುಖದಂತೆ.

ಈ ಹಿನ್ನೆಲೆಯಲ್ಲಿ ಪ್ರಸಂಗವನ್ನು ನೋಡಬೇಕು. ಮಗನ ಉಪನಯನಕ್ಕೆಂದು ಬೇಡಿ ಬಂದ ವೃದ್ಧ ಬ್ರಾಹ್ಮಣನನ್ನು ನಾಯಕರು ದಿನಗಟ್ಟಲೆ ಅಲೆಸಿ, ಕೊನೆಗೆ ಸವಕಲು ನಾಣ್ಯ ಕೊಟ್ಟು ಕಳಿಸಿದರು. ಅವನು ಸಾಧ್ವಿ ಸರಸ್ವತೀಬಾಯಿಯವರ ಬಳಿಗೆ ಹೋದಾಗ, ಆಕೆ ತವರಿನವರಿತ್ತ ವಜ್ರದ ಮೂಗುತಿಯನ್ನೇ ಬಿಚ್ಚಿಕೊಟ್ಟರು. ಬ್ರಾಹ್ಮಣ ಅದನ್ನು ಮಾರಲು ತಂದದ್ದು ನಾಯಕರ ಅಂಗಡಿಗೇ. ಅವರ ಕಣ್ಣಿಗೆ ಒಂದು ನೋಟ ಸಾಕಾಯಿತು. ಒಡವೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಬಂದು, ಮೂಗುತಿಯನ್ನು ತೋರಿಸೆಂದು ಕೇಳಿದರು. ದಿಕ್ಕುಗಾಣದೆ ವಿಷ ಕುಡಿಯಹೊರಟ ಆಕೆಯ ಬಟ್ಟಲಿಗೆ ಮೂಗುತಿ ಬಿದ್ದಿತು. ಮರಳಿ ಪೆಟ್ಟಿಗೆ ತೆರೆದರೆ ಬರಿದು, ಬ್ರಾಹ್ಮಣನೂ ಇಲ್ಲ.

ಹರಳನ್ನು ಗುರುತಿಸುವುದರಲ್ಲಿ ನಾಯಕರು ತಪ್ಪಲಿಲ್ಲ. ಅಂಗಡಿಗೆ ಬಂದದ್ದು ಆ ಮೂಗುತಿಯೇ, ಮಡದಿ ತೋರಿಸಿದ್ದೂ ಅದೇ. ತೂಕದ ಬಟ್ಟಿಗೂ ಒರೆಗಲ್ಲಿಗೂ ಸಿಗದ ವಸ್ತುವೊಂದು ಅವರ ಅಂಗಡಿಗೆ ಬಂದುಹೋಗಿತ್ತು. ಪರೀಕ್ಷಕರಾದ ಅವರು ಅದನ್ನು ಸವಕಲು ನಾಣ್ಯಕ್ಕೆ ಬೆಲೆಕಟ್ಟಿದ್ದರು. ಲೆಕ್ಕ ತಿಳಿಯದ ಗೃಹಿಣಿ ವಜ್ರವನ್ನೇ ಕೊಟ್ಟಿದ್ದರು.

ಸರ್ವಸ್ವವನ್ನೂ ದಾನಮಾಡಿ ಅವರು ಹಂಪಿಯನ್ನು ಸೇರಿ, 1525ರಲ್ಲಿ ಶ್ರೀ ವ್ಯಾಸರಾಯರಿಂದ ದೀಕ್ಷೆ ಪಡೆದರೆಂದು ಪ್ರತೀತಿ. ಕೃಷ್ಣದೇವರಾಯನಿಂದ ರತ್ನಾಭಿಷೇಕ ಮಾಡಿಸಿಕೊಂಡೂ ಆ ರತ್ನಗಳನ್ನು ಹಂಚಿಬಿಟ್ಟ ಗುರುಗಳವರು. ಮಾಯಾಮಾಳವಗೌಳದ ಸರಳೆ ವರಸೆಗಳು ಇಂದಿಗೂ ಮಕ್ಕಳ ಮೊದಲ ಪಾಠ. ತಂಬೂರಿ ಹಿಡಿಸಿದವಳು ಮಡದಿಯೇ ಎಂಬ ಕೃತಜ್ಞತೆಯನ್ನು ದಾಸರು ಕೀರ್ತನೆಯಲ್ಲಿಯೂ ಮರೆಯಲಿಲ್ಲ.

1564ರ ಪುಷ್ಯ ಅಮಾವಾಸ್ಯೆಯಂದು ಅವರು ಹರಿಪದವನ್ನು ಸೇರಿದರು. ವಿಠ್ಠಲ ದೇಗುಲದ ಸಮೀಪ, ನದೀತೀರದಲ್ಲಿ ಅವರ ಹೆಸರಿನ ಮಂಟಪವಿದೆ. ತುಂಗಭದ್ರೆ ಉಕ್ಕಿದಾಗಲೆಲ್ಲ ಅದು ನೀರಿನಲ್ಲಿ ಮುಳುಗುತ್ತದೆ.