ಕಡಲ ತಳಕ್ಕೆ ದಾರಿ ಮಾಡಿದ ಜಾಕ್ ಕುಸ್ತೋ

ಬೇಸಗೆಯ ರಜೆಯಲ್ಲಿ ಊರ ಬಾವಿಗೆ ಧುಮುಕಿ, ತಳದ ಕೆಸರನ್ನು ಮುಷ್ಟಿಯಲ್ಲಿ ಹಿಡಿದು ಮೇಲೆ ಬಂದು ಗೆಳೆಯರಿಗೆ ತೋರಿಸುವ ಆಟವನ್ನು ನಮ್ಮಲ್ಲಿ ಅನೇಕರು ಆಡಿರಬಹುದು. ಎದೆ ಬಿಗಿದು, ಕಿವಿ ನೋಯತೊಡಗಿ, ಇನ್ನೊಂದು ಕ್ಷಣ ನಿಂತರೆ ಪ್ರಾಣವೇ ಹೋದೀತೆನಿಸಿದಾಗ ಕಾಲೊದ್ದು ಮೇಲಕ್ಕೆ ಬಂದುಬಿಡುತ್ತೇವೆ. ತಳದಲ್ಲಿ ಏನಿದೆಯೆಂದು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಸಮುದ್ರದ ವಿಷಯದಲ್ಲಿ ಮಾನವನ ಸ್ಥಿತಿಯೂ ಸಾವಿರಾರು ವರ್ಷ ಹೀಗೆಯೇ ಇತ್ತು. ಮುತ್ತು ಹೆಕ್ಕುವವರು, ಸ್ಪಂಜು ಕೀಳುವವರು ಉಸಿರು ಕಟ್ಟಿದಷ್ಟು ಹೊತ್ತು ಮುಳುಗಿ ಬರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ತಾಮ್ರದ ಶಿರಸ್ತ್ರಾಣವೂ ಸೀಸದ ಬೂಟುಗಳೂ ಬಂದವು ನಿಜ. ಆದರೆ ಅವನ್ನು ತೊಟ್ಟವನು, ದೋಣಿಯಿಂದ ಇಳಿಬಿಟ್ಟ ಗಾಳಿಯ ಕೊಳವೆಗೆ ಗೂಟಕ್ಕೆ ಕಟ್ಟಿದ ಹಸುವಿನಂತೆ ಬಿಗಿದುಕೊಂಡು, ತಳದ ಕೆಸರಿನಲ್ಲಿ ಹೆಜ್ಜೆಹೆಜ್ಜೆಗೂ ತಡವರಿಸಬೇಕಾಗಿತ್ತು. ಈ ಕಟ್ಟನ್ನು ಬಿಚ್ಚಿ ಮನುಷ್ಯನನ್ನು ಮೀನಿನಂತೆ ತೇಲಬಿಟ್ಟವರಲ್ಲಿ ಮುಖ್ಯನಾದವನು ಫ್ರಾನ್ಸ್ ದೇಶದ ನೌಕಾಧಿಕಾರಿ ಜಾಕ್-ಈವ್ ಕುಸ್ತೋ. ಅವನ ಹೆಸರು ಲೋಕವಿಖ್ಯಾತವಾದದ್ದು ಚಲನಚಿತ್ರಗಳಿಂದ. ಆದರೆ ಅವನ ಜೀವನದ ನಿಜವಾದ ಕಥೆ ನಡೆದದ್ದು ಫ್ರಾನ್ಸಿನ ದಕ್ಷಿಣದಲ್ಲಿ, ತೂಲೋನ್ ಮತ್ತು ಮಾರ್ಸೇಲ್ ನಗರಗಳ ನಡುವಣ ಕಲ್ಲುಬಂಡೆಗಳ ಸಣ್ಣ ಕರಾವಳಿಯಲ್ಲಿ.

ಕುಸ್ತೋ ಹುಟ್ಟಿದ್ದು 1910ರ ಜೂನ್ 11ರಂದು, ಬೋರ್ದೋ ಪಟ್ಟಣದ ಬಳಿಯ ಸೇಂತ್-ಆಂದ್ರೆ-ದ-ಕ್ಯುಬ್ಜಾಕ್ ಎಂಬ ಊರಿನಲ್ಲಿ. ಬಾಲ್ಯದಲ್ಲಿ ರೋಗಿಷ್ಠ. ತಂದೆಯ ಉದ್ಯೋಗದ ನಿಮಿತ್ತ ಕೆಲಕಾಲ ಅಮೆರಿಕದಲ್ಲಿದ್ದಾಗ ಬೇಸಗೆಯ ಶಿಬಿರವೊಂದರಲ್ಲಿ ಕೆರೆಯ ತಳಕ್ಕೆ ಮುಳುಗಿ ಮರದ ಕೊಂಬೆಗಳನ್ನು ಎತ್ತಿಹಾಕುವ ಕೆಲಸ ಅವನ ಪಾಲಿಗೆ ಬಂದಿತು. ನೀರಿನ ಕೆಳಗಿನ ಮೊದಲ ಪಾಠ ಅದೇ. ಓದಿಗಿಂತ ಯಂತ್ರಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಚಲನಚಿತ್ರದ ಕ್ಯಾಮರಾದಲ್ಲಿ ಆಸಕ್ತಿ. 1930ರಲ್ಲಿ ಬ್ರೆಸ್ತಿನ ನೌಕಾ ಶಾಲೆಯನ್ನು ಸೇರಿದನಾದರೂ ಅವನ ಆಸೆಯಿದ್ದದ್ದು ನೀರಿನ ಮೇಲಲ್ಲ, ಆಕಾಶದಲ್ಲಿ. ನೌಕಾಪಡೆಯ ವಿಮಾನ ಚಾಲಕನಾಗುವ ತರಬೇತಿ ನಡೆಯುತ್ತಿದ್ದಾಗ ಒಂದು ರಾತ್ರಿ ಅವನ ಕಾರು ಅಪಘಾತಕ್ಕೀಡಾಗಿ ಎರಡು ತೋಳುಗಳೂ ಮುರಿದವು. ಒಂದನ್ನು ಕತ್ತರಿಸಬೇಕಾದೀತೆಂದು ವೈದ್ಯರು ಹೇಳಿದರೆ ಅವನು ಒಪ್ಪಲಿಲ್ಲ. ತೋಳು ಉಳಿಯಿತು, ವಿಮಾನ ಕೈತಪ್ಪಿತು.

ತೂಲೋನಿಗೆ ವರ್ಗವಾಗಿ ಬಂದವನಿಗೆ ಸೋತ ತೋಳುಗಳಲ್ಲಿ ಶಕ್ತಿ ತುಂಬಿಕೊಳ್ಳಲು ಈಜೇ ಔಷಧವಾಯಿತು. ಫಿಲಿಪ್ ತಾಯೇ ಎಂಬ ಹಿರಿಯ ನೌಕಾಧಿಕಾರಿ ಅವನಿಗೆ ಜೊತೆಯಾದನು. 1936ರಲ್ಲಿ ಒಂದು ದಿನ, ಮೂರಿಯೋಂ ಎಂಬ ಕಡಲತೀರದಲ್ಲಿ, ಕುಸ್ತೋ ಕಣ್ಣಿಗೆ ಗಾಜಿನ ಕನ್ನಡಕ ಬಿಗಿದು ಮುಖವನ್ನು ನೀರಿನಲ್ಲಿ ಅದ್ದಿದನು. ತಲೆಯೆತ್ತಿದರೆ ದಡದ ಟ್ರಾಮು, ದೀಪದ ಕಂಬ, ಜನಸಂದಣಿ. ತಲೆ ತಗ್ಗಿಸಿದರೆ ಬಣ್ಣಬಣ್ಣದ ಪಾಚಿ ಹೊದ್ದ ಬಂಡೆಗಳು, ಹೆದರದೆ ಸುಳಿಯುವ ಮೀನುಗಳು. ಬಾವಿಯ ನೀರಿನಲ್ಲಿ ಬರಿಗಣ್ಣು ತೆರೆದು ನೋಡಿದವರಿಗೆ ಎಲ್ಲವೂ ಮಸುಕಾಗಿ ಕಂಡದ್ದು ನೆನಪಿರಬಹುದು. ಕಣ್ಣಿಗೂ ನೀರಿಗೂ ನಡುವೆ ಒಂದಿಷ್ಟು ಗಾಳಿಯಿದ್ದರೆ ಮಾತ್ರ ದೃಷ್ಟಿ ನಿಲ್ಲುತ್ತದೆ. ಅಷ್ಟು ಸಣ್ಣ ಸಂಗತಿಯಿಂದ ಒಬ್ಬ ಮನುಷ್ಯನ ಬಾಳಿನ ದಿಕ್ಕೇ ತಿರುಗಿತು.

ಮೂರನೆಯ ಗೆಳೆಯ ಫ್ರೆದೆರಿಕ್ ದ್ಯುಮಾ. ಅವನು ನೌಕಾಪಡೆಯವನಲ್ಲ; ಉಸಿರು ಕಟ್ಟಿ ಮುಳುಗಿ ಈಟಿಯಿಂದ ಮೀನು ಹೊಡೆಯುವುದರಲ್ಲಿ ಆ ಕರಾವಳಿಯಲ್ಲೇ ಅವನಿಗೆ ಸಮಾನರಿರಲಿಲ್ಲ. ಲ ಬ್ರುಸ್ಕ್ ಎಂಬಲ್ಲಿ ಅವನು ಒಮ್ಮೆ ಎರಡು ಗಂಟೆಗಳಲ್ಲಿ 100 ಕಿಲೋ ಮೀನು ಹೊಡೆಯುವೆನೆಂದು ಪಣ ಕಟ್ಟಿದನು. ಐದು ಸಲ ಮುಳುಗಿದನು, ಅದೂ ಹದಿನೈದು ಮೀಟರಿನಷ್ಟು ಆಳಕ್ಕೆ; ಪಣಕ್ಕಿಂತ ಹೆಚ್ಚೇ ಹೊಡೆದು ತಂದನು. ಆ ರಾಶಿಯಲ್ಲಿ ನಾಲ್ಕು ಮೀನುಗಳು ಫ್ರೆಂಚರು ಮೆರೂ ಎಂದು ಕರೆಯುವ ದಪ್ಪ ತುಟಿಯ ಬಂಡೆಮೀನುಗಳು. ಮನುಷ್ಯನನ್ನು ಕಂಡರೆ ಓಡದೆ ಗುಹೆಯ ಬಾಗಿಲಲ್ಲಿ ನಿಂತು ನೋಡುವ ಜಾತಿ ಅದು. ಅದರ ಕುತೂಹಲವೇ ಅದಕ್ಕೆ ಮುಳುವಾಯಿತು. ಈ ಮೀನನ್ನು ಓದುಗರು ನೆನಪಿನಲ್ಲಿಡಬೇಕು.

ಉಸಿರು ಕಟ್ಟಿ ಮುಳುಗುವುದರಲ್ಲಿಯೇ ಮೂವರೂ 1942ರಲ್ಲಿ ಹದಿನೆಂಟು ಮೀಟರ್ ಆಳದ ಲೋಕವನ್ನು ಕುರಿತು ಒಂದು ಕಿರುಚಿತ್ರ ತೆಗೆದರು. ಯುದ್ಧಕಾಲ, ಫಿಲಂ ಸಿಗುತ್ತಿರಲಿಲ್ಲ. ಸ್ಥಿರಚಿತ್ರದ ಕ್ಯಾಮರಾಕ್ಕೆಂದು ಮಾಡಿದ ಚಿಕ್ಕ ಸುರುಳಿಗಳನ್ನು ಕೊಂಡು, ರಾತ್ರಿ ಕಂಬಳಿಯ ಕತ್ತಲೆಯಲ್ಲಿ ಒಂದಕ್ಕೊಂದು ಅಂಟಿಸಿ ಉದ್ದ ಮಾಡಿಕೊಂಡರು. ಆದರೆ ಎಷ್ಟು ಪಳಗಿದರೂ ಒಂದೆರಡು ನಿಮಿಷದಲ್ಲಿ ಮೇಲಕ್ಕೆ ಬರಲೇಬೇಕು. ಕುಸ್ತೋ ಇದಕ್ಕೂ ಮೊದಲೇ ಶುದ್ಧ ಆಮ್ಲಜನಕದ ಉಪಕರಣವನ್ನು ಕಟ್ಟಿಕೊಂಡು ಇಳಿದು ನೋಡಿದ್ದನು. ಒತ್ತಡ ಹೆಚ್ಚಿದಾಗ ಪ್ರಾಣವಾಯುವೇ ವಿಷವಾಗುತ್ತದೆಂಬುದು ಅವನಿಗೆ ಸರಿಯಾಗಿ ತಿಳಿದಿರಲಿಲ್ಲ. ಸುಮಾರು 14 ಮೀಟರ್ ಆಳದಲ್ಲಿ ತುಟಿ ನಡುಗಿ, ಬೆನ್ನು ಬಿಲ್ಲಿನಂತೆ ಸೆಟೆದು, ಪ್ರಜ್ಞೆ ತಪ್ಪುವ ಮೊದಲು ಸೊಂಟದ ಸೀಸದ ಪಟ್ಟಿಯನ್ನು ಕಿತ್ತೆಸೆದದ್ದರಿಂದ ಬದುಕಿದನು. ಸಾಧನವನ್ನು ತಿದ್ದಿ ಮತ್ತೆ ಇಳಿದು, ಮತ್ತೆ ಅದೇ ಗತಿಯಾಯಿತು. ಮೂರನೆಯ ಸಲ ಅವನು ಪ್ರಯತ್ನಿಸದಿದ್ದದ್ದು ವಿವೇಕವೇ ಸರಿ.

1942ರ ಡಿಸೆಂಬರಿನಲ್ಲಿ ಅವನು ಪ್ಯಾರಿಸಿಗೆ ಹೋಗಿ ಎಮೀಲ್ ಗಾಞಾಂ ಎಂಬ ಇಂಜಿನಿಯರನನ್ನು ಕಂಡನು. ಕುಸ್ತೋವಿನ ಮಾವ ಕೆಲಸದಲ್ಲಿದ್ದ ಅನಿಲ ಕಂಪನಿಯಲ್ಲಿಯೇ ಗಾಞಾಂ ಇದ್ದನು. ಪೆಟ್ರೋಲಿನ ಅಭಾವದಿಂದ ಮೋಟಾರುಗಳು ಅನಿಲದಿಂದ ಓಡಬೇಕಾಗಿದ್ದ ದಿನಗಳು; ಇಂಜಿನ್ನು ಎಳೆದುಕೊಂಡಷ್ಟೇ ಅನಿಲ ಬಿಡುವ ಒಂದು ಕವಾಟವನ್ನು ಅವನು ಮಾಡಿದ್ದನು. ಇಂಜಿನ್ನಿಗೆ ಬದಲು ಮನುಷ್ಯನ ಶ್ವಾಸಕೋಶವಿದ್ದರೆ? ಸಮಸ್ಯೆಯ ಸ್ವರೂಪ ವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸತಲ್ಲ. ಪ್ರತಿ ಹತ್ತು ಮೀಟರಿಗೂ ನೀರಿನ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ. ಎದೆಯ ಒಳಗಿನ ಗಾಳಿಯೂ ಹೊರಗಿನ ನೀರಿನ ಒತ್ತಡಕ್ಕೆ ಸರಿಸಮವಾಗಿರದಿದ್ದರೆ ಉಸಿರೆಳೆಯಲಾಗದು. ಇವರ ಕವಾಟ, ಅವನು ಎಳೆದಾಗ ಮಾತ್ರ, ಆಯಾ ಆಳದ ಒತ್ತಡಕ್ಕೆ ಹೊಂದುವಂತೆ, ಬೆನ್ನಿನ ಸಿಲಿಂಡರಿನಿಂದ ಗಾಳಿ ಬಿಡಬೇಕಾಗಿತ್ತು. ಮಾರ್ನ್ ನದಿಯಲ್ಲಿ ಮೊದಲ ಪರೀಕ್ಷೆ ನಡೆಯಿತು. ಅಡ್ಡಲಾಗಿ ಈಜಿದರೆ ಸರಿ. ನೆಟ್ಟಗೆ ನಿಂತರೆ ಗಾಳಿ ವ್ಯರ್ಥವಾಗಿ ಹರಿದುಹೋಗುತ್ತದೆ. ತಲೆಕೆಳಗಾದರೆ ಉಸಿರೇ ಬರುವುದಿಲ್ಲ. ಗಾಳಿ ಒಳಬರುವ ಕವಾಟವೂ ಹೊರಹೋಗುವ ತೂತೂ ಬೇರೆ ಬೇರೆ ಎತ್ತರದಲ್ಲಿದ್ದದ್ದೇ ದೋಷ. ಎರಡನ್ನೂ ಒಂದೇ ಮಟ್ಟಕ್ಕೆ ತಂದೊಡನೆ ತೊಡಕು ಬಗೆಹರಿಯಿತು.

1943ರ ಜೂನ್ ತಿಂಗಳಲ್ಲಿ ಬಾಂದೋಲ್ ರೈಲು ನಿಲ್ದಾಣಕ್ಕೆ ಮರದ ಪೆಟ್ಟಿಗೆಯೊಂದು ಬಂದಿತು. ಶತ್ರುಸೈನಿಕರ ಕಣ್ಣು ತಪ್ಪಿಸಿ ಗೆಳೆಯರು ಅದನ್ನು ಮರೆಯಾದ ಒಂದು ಕಡಲ ಮೂಲೆಗೆ ಒಯ್ದರು. ಕುಸ್ತೋವಿನ ಹೆಂಡತಿ ಸಿಮೋನ್ ಮುಖಕ್ಕೆ ಗಾಜು ಕಟ್ಟಿಕೊಂಡು ನೀರಿನ ಮೇಲೆ ತೇಲುತ್ತ ಗಂಡನ ಮೇಲೆ ಕಣ್ಣಿಟ್ಟಿದ್ದಳು. ಅಪಾಯವಾದರೆ ಉಸಿರು ಕಟ್ಟಿ ಧುಮುಕಲು ದ್ಯುಮಾ ದಡದಲ್ಲಿ ಸಿದ್ಧನಾಗಿದ್ದನು. ಕುಸ್ತೋ ಇಳಿದನು. ಬೆನ್ನ ಮೇಲೆ ಮಣಭಾರದ ಸಿಲಿಂಡರುಗಳು. ನೀರಿನೊಳಗೆ ಅವಕ್ಕೆ ತೂಕವೇ ಇಲ್ಲ. ಉಸಿರೆಳೆದರೆ ಮೆಲ್ಲನೆಯ ಶಬ್ದ, ಬಿಟ್ಟರೆ ಗುಳ್ಳೆಗಳ ಗುಲ್ಲು. ಪಲ್ಟಿ ಹೊಡೆದನು, ತಲೆಕೆಳಗಾಗಿ ಒಂದು ಬೆರಳ ಮೇಲೆ ನಿಂತನು. ಗಾಳಿ ಬರುತ್ತಲೇ ಇತ್ತು. ಹದಿನೆಂಟು ಮೀಟರಿನ ತಳದಲ್ಲಿ ಒಂದು ಸಣ್ಣ ಗುಹೆಯನ್ನು ಹೊಕ್ಕು, ಚಾವಣಿಗೆ ಅಂಟಿಕೊಂಡಿದ್ದ ಲಾಬ್‌ಸ್ಟರುಗಳನ್ನು ಕಿತ್ತು ಮೇಲಕ್ಕೆ ತಂದು ಸಿಮೋನಳ ಕೈಗೆ ಕೊಟ್ಟನು. ಹೊಟ್ಟೆಗಿಲ್ಲದ ಯುದ್ಧದ ದಿನಗಳಲ್ಲಿ ಅದು ಹಬ್ಬದೂಟ. ಮೂರು ಸಂಸಾರಗಳೂ ಒಂದೇ ಮನೆಯಲ್ಲಿದ್ದು ಒಣ ಕಾಳು ಬೇಯಿಸಿ ತಿನ್ನುತ್ತಿದ್ದ ಕಾಲವದು. ಆ ಬೇಸಗೆಯಲ್ಲಿ ಅವರು ಸುಮಾರು ಐನೂರು ಸಲ ಮುಳುಗಿದರು.

ಮೆಡಿಟರೇನಿಯನ್ ಎಂದರೆ ನಮಗೆ ಬೆಚ್ಚಗಿನ ಕಡಲೆಂಬ ಭಾವನೆ. ಮೇಲ್ಪದರದ ಮಟ್ಟಿಗೆ, ಅದೂ ಬೇಸಗೆಯಲ್ಲಿ, ಅದು ನಿಜ. ಚಳಿಗಾಲದಲ್ಲಿ ಆ ತೀರದ ನೀರು 13 ಡಿಗ್ರಿಗೆ ಇಳಿಯುತ್ತದೆ. ಬೇಸಗೆಯಲ್ಲಿಯೂ ಕೆಳಗೆ ಹೋದಂತೆ ಒಮ್ಮೆಲೇ ಗೆರೆ ಎಳೆದಂತೆ ಚಳಿಯ ಪದರ ಬಂದು ಮೈಯನ್ನು ಕಚ್ಚುತ್ತದೆ. ಮೈಗೆ ಕೊಬ್ಬು ಬಳಿದುಕೊಂಡರೆ ಉಪಯೋಗವಿಲ್ಲವೆಂದು ಅನುಭವದಿಂದ ತಿಳಿದು, ಕುಸ್ತೋ ರಬ್ಬರಿನ ಅಂಗಿಗಳನ್ನು ತಾನೇ ಹೊಲಿದು ಪ್ರಯೋಗಿಸಿದನು.

ಚಳಿಗಿಂತ ಮೋಸಗಾರ ವೈರಿ ಆಳದಲ್ಲಿತ್ತು. 1943ರ ಅಕ್ಟೋಬರಿನಲ್ಲಿ ಮಾರ್ಸೇಲಿನ ಬಳಿಯ ಲೆ ಗೂದ್ ಎಂಬಲ್ಲಿ, ಸಾಕ್ಷಿಗಳ ಎದುರಿಗೆ, ದ್ಯುಮಾ ಗಂಟು ಹಾಕಿದ ಹಗ್ಗದ ಗುಂಟ ಇಳಿದನು. ಆಳ ಹೆಚ್ಚಿದಂತೆ ಅವನಿಗೆ ವಿಚಿತ್ರವಾದ ಸಂತೋಷ ಉಕ್ಕಿತು, ಮತ್ತೇರಿದಂತೆ ನಿದ್ದೆ ಬಂದಿತು. ತನ್ನ ಸೊಂಟಪಟ್ಟಿಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಬಂದಾಗ, ತಾನು ಮೂವತ್ತು ಮೀಟರ್ ಇಳಿದಿದ್ದೇನೆಂದೇ ಅವನು ತಿಳಿದಿದ್ದನು. ಪಟ್ಟಿ ಸಿಕ್ಕಿದ್ದು ಅದಕ್ಕೆ ಇಮ್ಮಡಿ ಆಳದಲ್ಲಿ. ನಾವು ಉಸಿರಾಡುವ ಗಾಳಿಯಲ್ಲಿರುವ ನಿರುಪದ್ರವಿ ಸಾರಜನಕವೇ ಒತ್ತಡದಲ್ಲಿ ಹೆಂಡದಂತೆ ತಲೆಗೇರುತ್ತದೆ. ಆ ಅಮಲಿನಲ್ಲಿ ಭಯವಿರುವುದಿಲ್ಲ, ಅದೇ ಅದರ ಭಯಂಕರತೆ.

ಯುದ್ಧ ಮುಗಿದ ಮೇಲೆ 1945ರಲ್ಲಿ ನೌಕಾಪಡೆ ತೂಲೋನಿನಲ್ಲಿ ಒಂದು ಜಲಾಂತರ ಸಂಶೋಧನಾ ದಳವನ್ನು ತೆರೆಯಿತು. ಅಲ್ಲಿ ಸೇರಿದವನು ಮೋರೀಸ್ ಫಾರ್ಗ್. ಈ ಹೆಸರು ಕುಸ್ತೋವಿನ ಚರಿತ್ರೆಯಲ್ಲಿ ಎರಡೇ ಕಡೆ ಬರುತ್ತದೆ. ಆದರೆ ಅವೆರಡನ್ನೂ ಸೇರಿಸಿ ಓದಿದರೆ ಮನಸ್ಸು ಭಾರವಾಗುತ್ತದೆ. 1946ರ ಆಗಸ್ಟಿನಲ್ಲಿ ಕುಸ್ತೋ ಮತ್ತು ದ್ಯುಮಾ ಒಳನಾಡಿನ ವೋಕ್ಲೂಜ್ ಎಂಬ ಆಳವಾದ ಬುಗ್ಗೆಯ ಗುಹೆಗೆ ಇಳಿದರು. ಸಿಲಿಂಡರಿಗೆ ಗಾಳಿ ತುಂಬಿದ ಯಂತ್ರದ ಹೊಗೆಯೇ ಗಾಳಿಯೊಡನೆ ಬೆರೆತಿತ್ತು. ಕತ್ತಲೆಯಲ್ಲಿ ಇಬ್ಬರಿಗೂ ಬುದ್ಧಿ ಮಂಕಾಯಿತು. ಒಬ್ಬನು ಇನ್ನೊಬ್ಬನನ್ನು ಎಳೆದುಕೊಂಡು ಒದ್ದಾಡುತ್ತಿದ್ದಾಗ, ಹಗ್ಗದ ಸಂಜ್ಞೆ ಸರಿಯಾಗಿ ತಿಳಿಯದಿದ್ದರೂ ಏನೋ ಅನಾಹುತವಾಗಿದೆಯೆಂದು ಊಹಿಸಿ ಮೇಲಿನಿಂದ ಜಗ್ಗಿ ಎಳೆದು ಕಾಪಾಡಿದವನು ಈ ಫಾರ್ಗ್. ಮರುವರ್ಷ, 1947ರಲ್ಲಿ, ಗಾಳಿಯ ಉಪಕರಣದಿಂದ ಎಷ್ಟು ಆಳಕ್ಕೆ ಹೋಗಬಹುದೆಂಬ ಪರೀಕ್ಷೆಯಲ್ಲಿ ತೂಲೋನಿನ ಬಳಿ ಅವನೇ ಇಳಿದನು. 120 ಮೀಟರಿನಷ್ಟು ಆಳದಲ್ಲಿ ಹಲಗೆಯ ಮೇಲೆ ತನ್ನ ಗುರುತನ್ನು ಬರೆದನು. ಬಳಿಕ ಹಗ್ಗದಲ್ಲಿ ಸಂಜ್ಞೆ ನಿಂತಿತು. ಮೇಲೆಳೆದಾಗ ಬಾಯಿಯ ಕೊಳವೆ ಜಾರಿ ಎದೆಯ ಮೇಲೆ ಬಿದ್ದಿತ್ತು. ಗಂಟೆಗಟ್ಟಲೆ ಕೃತಕ ಉಸಿರು ಕೊಟ್ಟರೂ ಅವನು ಎದ್ದೇಳಲಿಲ್ಲ. ವೋಕ್ಲೂಜಿನಲ್ಲಿ ಅವನು ಎಳೆದ ಹಗ್ಗಕ್ಕೆ ಪ್ರತಿಯಾಗಿ ಎಳೆದವರಿಂದ ಅವನನ್ನು ಉಳಿಸಿಕೊಳ್ಳಲಾಗಲಿಲ್ಲ.

ಇಷ್ಟಾದ ಮೇಲೂ ಕುಸ್ತೋ ನಿಲ್ಲಲಿಲ್ಲವೆಂಬುದನ್ನು ಧೈರ್ಯವೆನ್ನಬೇಕೋ ನಿಷ್ಠುರತೆಯೆನ್ನಬೇಕೋ ನಾನರಿಯೆ. 1952ರಲ್ಲಿ ಅವನು ಕಾಲಿಪ್ಸೋ ಎಂಬ ಹಡಗಿನೊಡನೆ ಮಾರ್ಸೇಲಿನ ಎದುರಿಗಿರುವ ಗ್ರಾಂ ಕೋಂಗ್ಲುವೆ ಎಂಬ ಬೋಳು ದ್ವೀಪದ ಬುಡದಲ್ಲಿ ಪ್ರಾಚೀನ ರೋಮನರ ಕಾಲದ ಮುಳುಗಿದ ಹಡಗಿನ ಉತ್ಖನನ ಆರಂಭಿಸಿದನು. ದ್ರಾಕ್ಷಾರಸದ ಮಣ್ಣಿನ ಜಾಡಿಗಳು ಸಾವಿರಗಟ್ಟಲೆ ಹೊರಬಂದವು. ಕೆಸರನ್ನು ಹೀರುವ ಕೊಳವೆ ಹಿಡಿದು ಕೆಲಸ ಮಾಡಿದವರು ಮುಳುಗುಗಾರರು. ಪುರಾತತ್ತ್ವಜ್ಞ ಫೆರ್ನಾಂ ಬೆನ್ವಾ ಮೇಲೆ ಕಾದಿರುತ್ತಿದ್ದನು. ಯಾವ ವಸ್ತು ಯಾವ ಪದರದಲ್ಲಿತ್ತೆಂಬ ಲೆಕ್ಕ ಸರಿಯಾಗಿ ಉಳಿಯಲಿಲ್ಲ. ಅಲ್ಲಿದ್ದದ್ದು ಒಂದು ಹಡಗಲ್ಲ, ಬೇರೆ ಬೇರೆ ಕಾಲದ ಎರಡು ಎಂಬುದು ಬಹು ವರ್ಷಗಳ ಮೇಲೆ ಸ್ಪಷ್ಟವಾಯಿತು. ಅದೇ ನವೆಂಬರಿನಲ್ಲಿ, ಕಳೆದುಹೋದ ಲಂಗರಿನ ಸರಪಣಿಯನ್ನು ಹುಡುಕುತ್ತ ಸೆರ್ವಾಂತಿ ಎಂಬ ಯುವಕ ಅಲ್ಲಿ ಪ್ರಾಣ ಬಿಟ್ಟನು.

ಮುಂದಿನ ಕೀರ್ತಿಯ ಕಥೆ ಎಲ್ಲರಿಗೂ ತಿಳಿದದ್ದೇ. 1953ರಲ್ಲಿ ಪುಸ್ತಕ, 1956ರಲ್ಲಿ ಅದೇ ಹೆಸರಿನ ಚಿತ್ರಕ್ಕೆ ಕಾನ್ ಉತ್ಸವದ ಅತ್ಯುನ್ನತ ಬಹುಮಾನ, 1957ರಿಂದ ಮೊನಾಕೋ ಸಮುದ್ರವಿಜ್ಞಾನ ಸಂಗ್ರಹಾಲಯದ ನಿರ್ದೇಶಕತ್ವ, 1962ರಲ್ಲಿ ಮಾರ್ಸೇಲಿನ ಬಳಿ ಹತ್ತು ಮೀಟರ್ ಆಳದ ಉಕ್ಕಿನ ಮನೆಯಲ್ಲಿ ಅವನ ಇಬ್ಬರು ಸಂಗಡಿಗರ ಒಂದು ವಾರದ ವಾಸ. ಆದರೆ ಬಹುಮಾನ ಪಡೆದ ಆ ಚಿತ್ರವನ್ನು ಇಂದು ನೋಡುವವರು ಬೆಚ್ಚುತ್ತಾರೆ. ಅದರಲ್ಲಿ ಮೀನುಗಳನ್ನು ಎಣಿಸುವುದಕ್ಕಾಗಿ ಡೈನಮೈಟ್ ಸಿಡಿಸುತ್ತಾರೆ. ಶಾರ್ಕುಗಳನ್ನು ಹಡಗಿನ ಮೇಲೆಳೆದು ಬಡಿದು ಕೊಲ್ಲುತ್ತಾರೆ. 1954ರಲ್ಲಿ ಕಾಲಿಪ್ಸೋ ಪರ್ಷಿಯನ್ ಕೊಲ್ಲಿಯಲ್ಲಿ ಎಣ್ಣೆ ಕಂಪನಿಗಾಗಿ ದುಡಿದದ್ದೂ ಉಂಟು. ಅದೇ ಕುಸ್ತೋ 1960ರಲ್ಲಿ ಮೆಡಿಟರೇನಿಯನ್ನಿಗೆ ವಿಕಿರಣದ ಕಸ ಸುರಿಯುವ ಸರಕಾರದ ಯೋಜನೆಯ ವಿರುದ್ಧ ನಿಂತನು. 1973ರಲ್ಲಿ ಸಮುದ್ರ ಸಂರಕ್ಷಣೆಗೆ ಸಂಘವನ್ನು ಕಟ್ಟಿದನು. ಎರಡೂ ಒಬ್ಬನೇ ಮನುಷ್ಯ. ನೀರಿನ ಕೆಳಗೆ ಬಹುಕಾಲ ಕಣ್ಣು ತೆರೆದಿದ್ದುದರಿಂದಲೇ ಈ ಬದಲಾವಣೆ ಆಯಿತೆಂದು ನನ್ನ ಎಣಿಕೆ.

ಸಮುದ್ರವೂ ಅವನಿಂದ ಕಿತ್ತುಕೊಂಡಿತು. 1979ರ ಜೂನಿನಲ್ಲಿ ಕಿರಿಯ ಮಗ ಫಿಲಿಪ್, ಲಿಸ್ಬನ್ ಬಳಿಯ ಟೇಗಸ್ ನದಿಯಲ್ಲಿ ನೀರಿನ ಮೇಲಿಳಿಯುವ ವಿಮಾನ ಅಪಘಾತಕ್ಕೀಡಾಗಿ ತೀರಿಕೊಂಡನು. ತಂದೆ ಬಿಟ್ಟುಕೊಟ್ಟ ಆಕಾಶದ ಹಂಬಲ ಮಗನಿಗಿತ್ತು. ಹಡಗಿನವರೆಲ್ಲರಿಗೂ ತಾಯಿಯಂತಿದ್ದ ಸಿಮೋನ್ 1990ರಲ್ಲಿ ಹೋದಳು. 1996ರಲ್ಲಿ ಸಿಂಗಪುರದಲ್ಲಿ ದೋಣಿಯೊಂದು ಡಿಕ್ಕಿ ಹೊಡೆದು ಕಾಲಿಪ್ಸೋ ಮುಳುಗಿತು. 1997ರ ಜೂನ್ 25ರಂದು ಕುಸ್ತೋ ಪ್ಯಾರಿಸಿನಲ್ಲಿ ಕಣ್ಣು ಮುಚ್ಚಿದನು. ಅವನನ್ನು ಹೂಳಿದ್ದು ಕಡಲಿನಲ್ಲಲ್ಲ, ಹುಟ್ಟಿದೂರಿನ ಮಣ್ಣಿನಲ್ಲಿ.

ಆ ಮೆರೂ ಮೀನು ಏನಾಯಿತೆಂದರೆ, ದ್ಯುಮಾವಿನ ಹಿಂದೆ ಈಟಿ ಹಿಡಿದು ಬಂದ ನೂರಾರು ಜನರ ಕೈಯಲ್ಲಿ ಆ ಕರಾವಳಿಯಿಂದ ಬಹುಮಟ್ಟಿಗೆ ಅಳಿದೇಹೋಗಿತ್ತು. ತೂಲೋನಿಗೆ ಪೂರ್ವದಲ್ಲಿರುವ ಪೋರ್-ಕ್ರೋ ದ್ವೀಪವನ್ನೂ ಅದರ ಸುತ್ತಲಿನ ನೀರನ್ನೂ 1963ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. 1993ರಿಂದ ಫ್ರಾನ್ಸಿನ ಆ ತೀರದುದ್ದಕ್ಕೂ ಮೆರೂವನ್ನು ಈಟಿಯಿಂದ ಹೊಡೆಯುವುದನ್ನು ನಿಷೇಧಿಸಿದರು. ಈಗ ಪೋರ್-ಕ್ರೋದ ಬಂಡೆಗಳ ನಡುವೆ ಅವು ಮತ್ತೆ ನೂರಾರು ಸಂಖ್ಯೆಯಲ್ಲಿವೆ. ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡು ಇಳಿಯುವವರನ್ನು ಅವು ಗುಹೆಯ ಬಾಗಿಲಲ್ಲಿ ನಿಂತು, ಓಡದೆ, ದಪ್ಪ ತುಟಿ ಅಲುಗಿಸುತ್ತ ನೋಡುತ್ತವೆ.