ಓದುವ ದಾರಿ ಸಲೀಸು ಮಾಡಿದ ವೀರಮಾಮುನಿವರ್

ಇಟಲಿಯ ಮಾಂತುವಾ ಸೀಮೆಯಲ್ಲಿ ಕಾಸ್ತಿಲ್ಯೋನೆ ಎಂಬ ಸಣ್ಣ ಪಟ್ಟಣವಿದೆ. ಯುವಜನರ ಪಾಲಕರಾದ ಸಂತ ಅಲೋಶಿಯಸ್ ಗೊನ್ಜಾಗ ಹುಟ್ಟಿದ್ದು ಅಲ್ಲೇ. ಅವರ ನಂತರ ನೂರು ವರ್ಷಕ್ಕೂ ಮೇಲಾಗಿ, 1680ರ ನವೆಂಬರ್ 8ರಂದು, ಅದೇ ಊರಿನಲ್ಲಿ ಇನ್ನೊಬ್ಬ ಹುಡುಗ ಹುಟ್ಟಿದ. ಅವನ ಹೆಸರು ಕೊನ್ಸ್ತಾನ್ಸೊ ಜುಸೆಪ್ಪೆ ಬೆಸ್ಕಿ. 1698ರಲ್ಲಿ ಯೇಸುಸಭೆ ಸೇರಿ, ಗುರುದೀಕ್ಷೆ ಪಡೆದು, 1710ರಲ್ಲಿ ಗೋವಾಕ್ಕೆ ಬಂದಿಳಿದ. ಮರುವರ್ಷ ಮಧುರೆಯ ಮಿಷನ್‌ಗೆ ಸೇರಿದಾಗ ಅವನಿಗೆ ಮೂವತ್ತು ವರ್ಷ. ತಮಿಳಿನ ಒಂದಕ್ಷರವೂ ಆಡಿ ಬೆಳೆದವನಲ್ಲ. ತಮಿಳು ನಾಡು ಇಂದಿಗೂ ವೀರಮಾಮುನಿವರ್ ಎಂದು ಕರೆಯುವುದು ಇವರನ್ನೇ. ಚೆನ್ನೈನ ಮರೀನಾ ಕಡಲ ತೀರದಲ್ಲಿ 1968ರ ವಿಶ್ವ ತಮಿಳು ಸಮ್ಮೇಳನದ ಸಂದರ್ಭದಲ್ಲಿ ನಿಲ್ಲಿಸಿದ ಪ್ರತಿಮೆಗಳಲ್ಲಿ ಇವರದೂ ಒಂದು. ದಿಂಡಿಗಲ್‌ನಲ್ಲಿ ಯೇಸುಸಭೆಯ ತರಬೇತಿ ಮನೆಗೆ ಇಟ್ಟಿರುವುದೂ ಬೆಸ್ಕಿಯವರ ಹೆಸರೇ.

ನಮ್ಮ ಕನ್ನಡ ಪತ್ರಿಕೆಯಲ್ಲಿ ತಮಿಳು ಪಂಡಿತರೊಬ್ಬರ ಕಥೆ ಯಾಕೆ ಎಂದು ಕೆಲವರು ಕೇಳಬಹುದು. ನಾಲ್ಕೈದು ಭಾಷೆಗಳಲ್ಲಿ ಬಲಿಪೂಜೆ ನಡೆಯುವ ಧರ್ಮಪ್ರಾಂತ್ಯದಲ್ಲಿ ಭಾಷೆಯ ಮಾತೆತ್ತಿದರೆ ಎಷ್ಟು ಬೇಗ ಮುಖಗಳು ಬಿಗಿಯಾಗುತ್ತವೆ ಎಂದು ನಮಗೆಲ್ಲ ಗೊತ್ತು. ಆದರೆ ನಾನು ಈ ಗುರುಗಳ ಬಗ್ಗೆ ಓದತೊಡಗಿದ್ದು ಬೇರೆ ಕಾರಣಕ್ಕೆ. ನಮ್ಮ ಧರ್ಮಕೇಂದ್ರದ ಶನಿವಾರದ ಓದು ತರಗತಿಗೆ ಬರುವ ಏಳನೇ, ಎಂಟನೇ ತರಗತಿಯ ಮಕ್ಕಳಲ್ಲಿ ಹಲವರು ಇಂಗ್ಲಿಷ್ ಪಾಠವನ್ನು ಬಾಯಿಪಾಠ ಒಪ್ಪಿಸುತ್ತಾರೆ. ಪುಟದ ನಡುವೆ ಬೆರಳಿಟ್ಟು ಇಲ್ಲಿಂದ ಓದು ಎಂದರೆ ತಡವರಿಸುತ್ತಾರೆ. ಕಲಿಸಲು ಬರುವ ನಾವು ಯುವಕರೂ ಇಂಗ್ಲಿಷನ್ನು ಪುಸ್ತಕದಿಂದ ಕಲಿತವರೇ. ಪರಭಾಷೆಯನ್ನು ಹೇಗೆ ಕಲಿಯಬೇಕು, ಕಲಿತವನು ಇನ್ನೊಬ್ಬನಿಗೆ ಹೇಗೆ ಹೇಳಿಕೊಡಬೇಕು ಎಂಬ ಪ್ರಶ್ನೆಯ ಬೆನ್ನು ಹತ್ತಿದಾಗ ಸಿಕ್ಕವರು ಬೆಸ್ಕಿ.

ಮಧುರೆ ಮಿಷನ್ ಶುರುವಾದದ್ದು 1606ರಲ್ಲಿ, ರೊಬೆರ್ತೊ ದೆ ನೊಬಿಲಿ ಅವರಿಂದ. ಕಾವಿ ಉಟ್ಟು, ಸಸ್ಯಾಹಾರ ತಿಂದು, ನಾಡಿನ ಸನ್ಯಾಸಿಯಂತೆ ಬಾಳುವ ಕ್ರಮ ಅವರದು. ಬೆಸ್ಕಿಯವರೂ ಆ ದಾರಿ ಹಿಡಿದರು. ಮೊದಲು ಧೈರ್ಯನಾಥ ಎಂದು ಹೆಸರಿಟ್ಟುಕೊಂಡರು, ಅದು ಅವರ ಇಟಾಲಿಯನ್ ಹೆಸರಿನ ಅರ್ಥಕ್ಕೆ ಹತ್ತಿರದ್ದು. ಸೆರೆ, ಹಿಂಸೆ, ಮರಣದಂಡನೆಯ ಬೆದರಿಕೆ ಎಲ್ಲವನ್ನೂ ಬಂದ ಕೆಲವೇ ವರ್ಷಗಳಲ್ಲಿ ಕಂಡರು. ಅವರು ಚಂದಾ ಸಾಹೇಬನ ದಿವಾನರಾಗಿದ್ದರು, ಪಲ್ಲಕ್ಕಿಯಲ್ಲಿ ಮೆರೆಯುತ್ತಿದ್ದರು ಎಂಬ ಕಥೆಗಳು 1822ರಲ್ಲಿ ಮುತ್ತುಸಾಮಿ ಪಿಳ್ಳೆ ಬರೆದ ಜೀವನಚರಿತ್ರೆಯಿಂದ ಹರಡಿದವು. 1918ರಲ್ಲಿ ಯೇಸುಸಭೆಯ ಬೆಸ್ಸ್ ಎಂಬ ಗುರುಗಳು ಅವನ್ನು ಪರಿಶೀಲಿಸಿ ಸಂಶಯ ವ್ಯಕ್ತಪಡಿಸಿದ್ದಾರೆ. ನನಗೂ ಆ ಪಲ್ಲಕ್ಕಿಯ ಮೇಲೆ ಹೆಚ್ಚು ಆಸಕ್ತಿಯಿಲ್ಲ.

ನನ್ನ ಆಸಕ್ತಿ ಒಂದು ಅಕ್ಷರದ ಮೇಲೆ. ಹಳೆಯ ತಮಿಳು ಬರವಣಿಗೆಯಲ್ಲಿ ಎ ಮತ್ತು ಏ, ಒ ಮತ್ತು ಓ ಇವುಗಳಿಗೆ ಬೇರೆ ಬೇರೆ ಆಕಾರ ಇರಲಿಲ್ಲ. ಹ್ರಸ್ವವಾದರೆ ಮೇಲೊಂದು ಚುಕ್ಕಿ ಇಡಬೇಕೆಂದು ವ್ಯಾಕರಣ ಹೇಳುತ್ತಿತ್ತು. ಆದರೆ ತಾಳೆಗರಿಯ ಮೇಲೆ ಕಂಠದಿಂದ ಚುಕ್ಕಿ ಇಟ್ಟರೆ ಓಲೆ ತೂತಾಗುತ್ತದೆ. ಬರೆಯುವವರು ಚುಕ್ಕಿ ಬಿಟ್ಟರು, ಓದುವವರು ಊಹಿಸಬೇಕಾಯಿತು. ತಮಿಳಿನಲ್ಲಿ ಎರಿ ಎಂದರೆ ಉರಿ, ಏರಿ ಎಂದರೆ ಕೆರೆ. ಒಂದೇ ರೀತಿ ಬರೆದರೆ ಬೆಂಕಿಯೋ ನೀರೋ? ಭಾಷೆ ಬಲ್ಲವನಿಗೆ ಸಂದರ್ಭ ತಿಳಿಸುತ್ತದೆ, ಹೊಸದಾಗಿ ಓದು ಕಲಿಯುವವನು ಅಲ್ಲೇ ಎಡವುತ್ತಾನೆ. ಬೆಸ್ಕಿ ದೀರ್ಘಸ್ವರಕ್ಕೆ ಒಂದು ಗೀಟು, ಒಂದು ಸುರುಳಿ ಸೇರಿಸಿ ಎರಡನ್ನೂ ಬೇರೆ ಮಾಡಿ ತೋರಿಸಿದರು. ಇಂದು ತಮಿಳು ಬರೆಯುವ ಪ್ರತಿಯೊಂದು ಮಗುವೂ ಆ ಭೇದವನ್ನು ಬಳಸುತ್ತದೆ.

ನಮ್ಮ ಹಳೆಯ ಕನ್ನಡ ಶಾಸನಗಳಲ್ಲೂ ಈ ತೊಡಕಿತ್ತು. ಅಲ್ಲೂ ಎ, ಏ ಒಂದೇ ರೀತಿ ಕಾಣುತ್ತವೆ. ಈಗ ನಾವು ಬರೆಯುವ ದೀರ್ಘದ ಗುರುತನ್ನು ಅಳಿಸಿ ನೋಡಿ, ಕೆರೆಯಲ್ಲಿ ಕೇರೆ ಹಾವು ಹೋಯಿತು ಎಂಬ ವಾಕ್ಯವನ್ನು ಮಗುವಿಗೆ ಕೊಡಿ. ಇಂಗ್ಲಿಷ್ ಇಂದಿಗೂ ಇದೇ ಸ್ಥಿತಿಯಲ್ಲಿದೆ. ರೀಡ್ ಎಂದರೂ, ನಿನ್ನೆ ಓದಿದೆ ಎನ್ನುವ ಅರ್ಥದ ರೆಡ್ ಎಂದರೂ ಬರೆಯುವ ಅಕ್ಷರಗಳು ಅವೇ ನಾಲ್ಕು. ಮಗು ತಪ್ಪಾಗಿ ಓದಿದರೆ ದಡ್ಡತನವಲ್ಲ, ಲಿಪಿ ಅದಕ್ಕೆ ಬೇಕಾದ ಸುಳಿವು ಕೊಟ್ಟಿಲ್ಲ. ಇದನ್ನು ಇಂಗ್ಲಿಷ್ ಕಲಿಸುವವರ ತರಬೇತಿಯ ಮೊದಲ ದಿನವೇ ಹೇಳಬೇಕು ಎಂದು ನನ್ನ ಅಭಿಪ್ರಾಯ. ಬೆಸ್ಕಿಗೆ ಈ ಎಡವುವ ಜಾಗ ಕಂಡದ್ದು ಅವರೂ ಅಲ್ಲಿ ಎಡವಿದ ಕಲಿಕೆಗಾರರಾಗಿದ್ದಕ್ಕೇ ಇರಬೇಕು.

ತಾವು ಕಲಿತದ್ದನ್ನು ಅವರು ಹಿಂದೆ ಬರುವವರಿಗಾಗಿ ಬರೆದಿಟ್ಟರು. ಹೊಸದಾಗಿ ಯುರೋಪಿನಿಂದ ಬರುವ ಗುರುಗಳಿಗಾಗಿ ಲತೀನ್ ಭಾಷೆಯಲ್ಲಿ ಎರಡು ತಮಿಳು ವ್ಯಾಕರಣ ಬರೆದರು. ಒಂದು ಜನ ಆಡುವ ತಮಿಳಿಗೆ, ಇನ್ನೊಂದು ಕಾವ್ಯದ ತಮಿಳಿಗೆ. ಆಡುಮಾತಿನ ವ್ಯಾಕರಣ 1728ರದು. ಬೀದಿಯಲ್ಲಿ ಜನರೊಡನೆ ಮಾತಾಡಲು, ಪಾಪನಿವೇದನೆ ಕೇಳಲು ಕಾವ್ಯದ ಭಾಷೆ ಸಾಲದು ಎಂದು ಅವರಿಗೆ ತಿಳಿದಿತ್ತು. ನಮ್ಮಲ್ಲಿ ಹಳಗನ್ನಡದಿಂದ ಕನ್ನಡ ಕಲಿಸಲು ಹೊರಟರೆ ಹೇಗೋ ಹಾಗೆ. ಉಪದೇಶಿಗಳ ನಡತೆ ಮತ್ತು ಕೆಲಸದ ಬಗ್ಗೆ ವೇದಿಯರ್ ಒಳುಕ್ಕಂ ಎಂಬ ಗದ್ಯಗ್ರಂಥವನ್ನು ತಮಿಳಿನಲ್ಲೇ ಬರೆದರು. ಒಬ್ಬ ಗುರು ಹತ್ತಾರು ಹಳ್ಳಿಗಳಿಗೆ ವರ್ಷಕ್ಕೆ ಒಂದೆರಡು ಸಲ ಹೋಗುವ ಕಾಲದಲ್ಲಿ ಜ್ಞಾನೋಪದೇಶ ನಡೆಸುತ್ತಿದ್ದವರು ಈ ಉಪದೇಶಿಗಳೇ. ಅವರನ್ನು ತಯಾರು ಮಾಡದೆ ಸಭೆ ನಡೆಯುತ್ತಿರಲಿಲ್ಲ.

1732ರ ಚತುರಕರಾದಿ ಎಂಬ ನಿಘಂಟನ್ನು ಅವರ ದೊಡ್ಡ ಕೊಡುಗೆಯೆಂದು ನಾನು ಎಣಿಸುತ್ತೇನೆ. ಅದಕ್ಕೂ ಮೊದಲಿನ ತಮಿಳು ನಿಘಂಟುಗಳು ಪದ್ಯರೂಪದಲ್ಲಿದ್ದವು, ನಮ್ಮವರು ಅಮರಕೋಶ ಕಲಿಯುತ್ತಿದ್ದಂತೆ ಕಂಠಪಾಠ ಮಾಡಬೇಕಿತ್ತು. ಬೆಸ್ಕಿ ಪದಗಳನ್ನು ಅಕಾರಾದಿಯಾಗಿ ಜೋಡಿಸಿದರು. ಅಕ್ಷರಮಾಲೆ ತಿಳಿದ ಯಾರೇ ಆದರೂ, ಗುರುವನ್ನು ಕೇಳದೆ, ತಾನೇ ಪದ ಹುಡುಕಿಕೊಳ್ಳಬಹುದು. ಓದುವವನು ಸ್ವತಂತ್ರನಾದ. ಕನ್ನಡದಲ್ಲಿ ನಾವು ನೆನೆಯುವ ಕಿಟೆಲ್ ಅವರ ನಿಘಂಟು ಮಂಗಳೂರಿನಲ್ಲಿ ಬಂದದ್ದು 1894ರಲ್ಲಿ.

ಇನ್ನು ಮಕ್ಕಳಿಗೆ ಪ್ರಿಯವಾದ ಪರಮಾರ್ಥ ಗುರುವಿನ ಕಥೆ. ಮಂಕು ಗುರು, ಅವನಿಗೆ ತಕ್ಕ ಐವರು ಶಿಷ್ಯರು. ಹೊಳೆ ದಾಟಬೇಕು, ಹೊಳೆ ಎಚ್ಚರವಿದ್ದರೆ ಅಪಾಯ. ಶಿಷ್ಯನೊಬ್ಬ ಉರಿಯುವ ಕೊಳ್ಳಿಯನ್ನು ನೀರಿಗೆ ಅದ್ದುತ್ತಾನೆ, ಚುಂಯ್ ಎಂದು ಹೊಗೆ ಬರುತ್ತದೆ, ಹೊಳೆ ಎಚ್ಚರವಿದೆ! ಆಮೇಲೆ ಅದೇ ಆರಿದ ಕೊಳ್ಳಿಯನ್ನು ಅದ್ದಿದರೆ ಸದ್ದಿಲ್ಲ, ಹೊಳೆ ನಿದ್ದೆ ಹೋಗಿದೆ. ದಾಟಿದ ಮೇಲೆ ಎಣಿಸುವವನು ತನ್ನನ್ನು ಬಿಟ್ಟು ಎಣಿಸಿ, ಒಬ್ಬ ಕಡಿಮೆಯೆಂದು ಎಲ್ಲರೂ ಅಳುತ್ತಾರೆ. ಕುಂಬಳಕಾಯಿಯನ್ನು ಕುದುರೆಯ ಮೊಟ್ಟೆಯೆಂದು ಕೊಳ್ಳುವ ಪ್ರಸಂಗವೂ ಇದರಲ್ಲಿದೆ. ಇಂಥ ಮಂಕರ ಕಥೆಗಳನ್ನು ನಮ್ಮ ಅಜ್ಜಿಯರೂ ಹೇಳಿದ್ದಾರೆ. ಬೆಸ್ಕಿ ಇದನ್ನು ಬರೆದದ್ದು ತಮಿಳು ಕಲಿಯುವವರಿಗೆ ಓದುವ ಪುಸ್ತಕವಾಗಿ, ಜೊತೆಗೆ ಲತೀನ್ ಅನುವಾದ ಇಟ್ಟು. ಮುಂದೆ 1822ರಲ್ಲಿ ಬೆಂಜಮಿನ್ ಬ್ಯಾಬಿಂಗ್ಟನ್ ಎಂಬ ಕಂಪನಿ ಅಧಿಕಾರಿ ತಮಿಳು ಮೂಲವನ್ನು ಇಂಗ್ಲಿಷ್ ಅನುವಾದದ ಸಮೇತ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ನಗು ಬರುವ ಪುಟವನ್ನು ಯಾರೂ ಅರ್ಧಕ್ಕೆ ಬಿಡುವುದಿಲ್ಲ. ನಮ್ಮ ಶಾಲೆಗಳ ಇಂಗ್ಲಿಷ್ ಪಾಠಗಳನ್ನು ಆಯ್ಕೆ ಮಾಡುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೆಯದಿತ್ತು.

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ದಿಂಡಿಗಲ್ ಕಡೆಯಲ್ಲೂ, ಮನೆಯೊಳಗೆ ಇಂದಿಗೂ ಕನ್ನಡ ಆಡುವ ಕುಟುಂಬಗಳಿವೆ. ಕಪ್ಪಿಲಿಯರು, ಅನುಪ್ಪರು ಎಂದು ಅವರನ್ನು ಕರೆಯುತ್ತಾರೆ. ಅವರ ಹಿರಿಯರು ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ಹೋದವರು. ಅಲ್ಲಿನ ಶಾಲೆಯಲ್ಲಿ ಮಕ್ಕಳು ಓದುವುದು ತಮಿಳು ಮತ್ತು ಇಂಗ್ಲಿಷ್. ಅಂದರೆ ಮನೆಯಲ್ಲಿ ಕನ್ನಡ ಆಡುವ ಆ ಮಗು ಮೊದಲು ಓದು ಕಲಿಯುವಾಗ ಬೆಸ್ಕಿ ಬೇರೆ ಮಾಡಿದ ಎಕಾರ ಏಕಾರಗಳನ್ನೇ ತಿದ್ದುತ್ತದೆ, ಆಮೇಲೆ ಮೂರನೆಯದಾಗಿ ಇಂಗ್ಲಿಷಿಗೆ ಬರುತ್ತದೆ. ಅಂಥ ಮಗುವಿನ ಎದುರು ನಿಲ್ಲುವ ಇಂಗ್ಲಿಷ್ ಶಿಕ್ಷಕರಿಗೆ ಮಗುವಿನ ಮನೆಮಾತು ಯಾವುದೆಂದಾದರೂ ತಿಳಿದಿರಬೇಕು. ನಮ್ಮ ನಗರಗಳ ತರಗತಿಗಳಲ್ಲೂ ಇದು ನಿಜ, ಇಲ್ಲಿ ಕನ್ನಡದ ಮಗುವಿನ ಪಕ್ಕದಲ್ಲಿ ತಮಿಳಿನ ಮಗು ಕೂತಿರುತ್ತದೆ, ಅಷ್ಟೇ ವ್ಯತ್ಯಾಸ.

ಬೆಸ್ಕಿಯವರಲ್ಲಿ ಎಲ್ಲವೂ ನನಗೆ ಒಪ್ಪಿಗೆಯಾಗುವುದಿಲ್ಲ. ತರಂಗಂಬಾಡಿಯ ಲುಥೆರನ್ ಮಿಷನರಿಗಳ ವಿರುದ್ಧ ಅವರು ಬರೆದದ್ದು ಬಹಳ ಖಾರ. ಆ ಜಗಳದ ನಡುವೆಯೂ ಒಂದು ವಿಚಿತ್ರ ನಡೆಯಿತು. ಅವರ ಆಡುಮಾತಿನ ವ್ಯಾಕರಣವನ್ನು 1738ರಲ್ಲಿ ಅಚ್ಚು ಮಾಡಿದವರು ಅದೇ ತರಂಗಂಬಾಡಿಯ ಲುಥೆರನ್ನರು. ಅವರ ಹತ್ತಿರ ಅಚ್ಚುಕೂಟ ಇತ್ತು, ಪುಸ್ತಕ ಚೆನ್ನಾಗಿತ್ತು, ಅವರಿಗೂ ತಮಿಳು ಕಲಿಯಬೇಕಿತ್ತು.

ಸಂತ ಜೋಸೆಫರ ಮೇಲೆ ಅವರು ರಚಿಸಿದ ತೇಂಬಾವಣಿ ಮಹಾಕಾವ್ಯದಲ್ಲಿ 36 ಪಡಲಗಳು, 3615 ಪದ್ಯಗಳು. ಅದು 1726ರ ಕೃತಿ. ತಿರುಕ್ಕುರಳಿನ ಮೊದಲೆರಡು ಭಾಗಗಳನ್ನು ಲತೀನ್‌ಗೆ ತಂದದ್ದೂ ಅವರೇ. ಏಲಾಕುರಿಚ್ಚಿಯ ಅಡೈಕಲ ಮಾತೆಯ ದೇವಾಲಯ ಇವತ್ತಿಗೂ ಯಾತ್ರಾಸ್ಥಳ. ಕೊನೆಯ ದಿನಗಳನ್ನು ಕೇರಳದ ಅಂಬಳಕ್ಕಾಡಿನಲ್ಲಿ ಕಳೆದು, 1747ರ ಫೆಬ್ರವರಿ 4ರಂದು ತೀರಿಕೊಂಡರು. ಆಗ ತೇಂಬಾವಣಿ ಇನ್ನೂ ಅಚ್ಚಾಗಿರಲಿಲ್ಲ. ಕಾವ್ಯದ ತಮಿಳಿನ ಲತೀನ್ ವ್ಯಾಕರಣ ಮೂಲರೂಪದಲ್ಲಿ ಅಚ್ಚಾದದ್ದೂ ಅವರು ತೀರಿಕೊಂಡು ಬಹಳ ಕಾಲದ ಮೇಲೆ.

ಮುಂದಿನ ಶನಿವಾರದ ಓದು ತರಗತಿಯಲ್ಲಿ ಕುದುರೆ ಮೊಟ್ಟೆಯ ಕಥೆಯನ್ನು ಮೊದಲು ಕನ್ನಡದಲ್ಲಿ, ಆಮೇಲೆ ಸುಲಭ ಇಂಗ್ಲಿಷಿನಲ್ಲಿ ಓದುತ್ತೇವೆ. ಆರನೇ ತರಗತಿಯಿಂದ ಮೇಲಿನ ಮಕ್ಕಳನ್ನು ಕಳಿಸಿಕೊಡಿ, ತಮಿಳು ಬಲಿಪೂಜೆಗೆ ಬರುವ ಮನೆಗಳ ಮಕ್ಕಳೂ ಬರಲಿ. ಜೋರಾಗಿ ಓದಿ ಹೇಳಬಲ್ಲ ಒಬ್ಬಿಬ್ಬರು ದೊಡ್ಡವರು ಬಂದರೆ ನಮಗೆ ಅನುಕೂಲ.