ಬಿಡುವಿನಲ್ಲಿ ಬರೆದ ಮಾಸ್ತಿ, ರಜೆಯಲ್ಲಿ ಓದಬೇಕಾದ ಮಕ್ಕಳು

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಹುಟ್ಟಿದ್ದು 1891ರ ಜೂನ್ 6ರಂದು, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ. ತೀರಿಕೊಂಡದ್ದು 1986ರ ಜೂನ್ 6ರಂದು, ಬೆಂಗಳೂರಿನಲ್ಲಿ. ಅಂದಿಗೆ ಅವರಿಗೆ 95 ವರ್ಷ ತುಂಬಿತ್ತು. ಅವರು ದಶಕಗಳ ಕಾಲ ಬಾಳಿದ ಮನೆ ಗವಿಪುರಂ ಬಡಾವಣೆಯಲ್ಲಿದೆ. ನನ್ನ ಬೋಧನಾಭ್ಯಾಸದ ಪ್ರಾಥಮಿಕ ಶಾಲೆಯೂ ಗವಿಪುರದಲ್ಲೇ ಇದ್ದುದರಿಂದ, ಬೇಸಿಗೆ ರಜೆಗೆ ಮುಂಚಿನ ವಾರ ಐದನೇ ತರಗತಿಗೆ ಅವರ ಜೀವನವನ್ನು ಹೇಳಿದೆ. ರಜೆಯಲ್ಲಿ ಮಕ್ಕಳನ್ನು ಓದಿಗೆ ಹಚ್ಚುವುದು ಹೇಗೆಂಬ ಪ್ರಶ್ನೆಗೆ ಆ ಜೀವನದಲ್ಲಿ ಒಂದು ಉತ್ತರವಿದೆ ಎಂಬುದು ನನ್ನ ಅಭಿಪ್ರಾಯ.

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ವಿಜ್ಞಾನ. ಆದರೂ ಈ ಪ್ರಶ್ನೆ ನನ್ನದೇ. ಗುಣಾಕಾರ ಬಲ್ಲ ಮಗು ಲೆಕ್ಕದ ಮೂರು ಸಾಲನ್ನು ಓದಲಾಗದೆ ನಿಂತುಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ತರಗತಿಯ ಹಲವು ಮಕ್ಕಳ ಮನೆಮಾತು ತಮಿಳು, ತೆಲುಗು ಅಥವಾ ಉರ್ದು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ವಾರದವರೆಗೆ ಕನ್ನಡದ ಒಂದು ಪುಟವೂ ಅವರ ಕೈಗೆ ಸಿಗದಿದ್ದರೆ, ಮಾರ್ಚ್‌ನಲ್ಲಿ ಸರಾಗವಾಗಿ ಓದುತ್ತಿದ್ದ ಮಗು ಜೂನ್‌ನಲ್ಲಿ ಒತ್ತಕ್ಷರದ ಬಳಿ ತಡವರಿಸುತ್ತದೆ.

ಮಾಸ್ತಿಯವರ ಮನೆಮಾತೂ ತಮಿಳು. ಮಕ್ಕಳಿಗೆ ನಾನು ಮೊದಲು ಹೇಳಿದ್ದು ಇದನ್ನೇ. ಕನ್ನಡದ ಆಸ್ತಿ ಎಂದು ನಾಡು ಕರೆದ ಲೇಖಕರ ಮನೆಯಲ್ಲಿ ಆಡುತ್ತಿದ್ದ ಭಾಷೆ ಕನ್ನಡವಲ್ಲ ಎಂದು ಕೇಳಿದಾಗ ತಮಿಳು ಮನೆಗಳ ಮಕ್ಕಳು ನೆಟ್ಟಗೆ ಕುಳಿತರು. ಮಾಸ್ತಿಯವರ ಬಾಲ್ಯ ಬಡತನದ್ದು. ಬಂಧುಗಳ ಆಸರೆ ಮತ್ತು ವಿದ್ಯಾರ್ಥಿವೇತನಗಳಿಂದ ಅವರ ಓದು ಮುಂದುವರಿಯಿತು. 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಎಂ.ಎ. ಪದವಿ ಪಡೆದರು. ವಿಷಯ ಇಂಗ್ಲಿಷ್ ಸಾಹಿತ್ಯ. ಮನೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್. ಆದರೆ ಕಥೆ ಬರೆಯಲು ಅವರು ಆರಿಸಿಕೊಂಡದ್ದು ಕನ್ನಡ.

ಮೈಸೂರು ಸಿವಿಲ್ ಸರ್ವಿಸ್ ಸೇರಿದ ಮೇಲೆ ಡೆಪ್ಯುಟಿ ಕಮಿಷನರ್, ಅಬಕಾರಿ ಕಮಿಷನರ್ ಮುಂತಾದ ಹುದ್ದೆಗಳಲ್ಲಿ ಕೆಲಸ ಮಾಡಿದರು. ಹಗಲೆಲ್ಲ ಕಡತ, ಪ್ರವಾಸ, ತನಿಖೆ. ಶ್ರೀನಿವಾಸ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದದ್ದು ಉಳಿದ ವೇಳೆಯಲ್ಲಿ. ಮೊದಲ ಕಥೆ ರಂಗನ ಮದುವೆ 1910ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಬಂದಿತ್ತು. ಕೆಲವು ಸಣ್ಣ ಕಥೆಗಳು ಎಂಬ ಸಂಕಲನ 1920ರಲ್ಲಿ ಪ್ರಕಟವಾಯಿತು. 1929ರಲ್ಲಿ, ಸೇವೆಯಲ್ಲಿದ್ದಾಗಲೇ, ಬೆಳಗಾವಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ಸಿಕ್ಕಿದಾಗ, 1943ರಲ್ಲಿ ಅವರು ನಿವೃತ್ತಿ ಪಡೆದು ಹೊರಬಂದರು. ಆಮೇಲೆ ಅವರು ಬದುಕಿದ್ದು 43 ವರ್ಷ. ಜೀವನ ಮಾಸಪತ್ರಿಕೆಯನ್ನು 1944ರಿಂದ ಸುಮಾರು ಎರಡು ದಶಕ ನಡೆಸಿದರು. ಚಿಕವೀರ ರಾಜೇಂದ್ರ ಕಾದಂಬರಿ 1956ರಲ್ಲಿ ಬಂದಿತು. ಅದಕ್ಕೆ 1983ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಕೋಟು, ಪೇಟ, ಕೈಯಲ್ಲಿ ಕೊಡೆಯೊಂದಿಗೆ ಬಸವನಗುಡಿ ಕ್ಲಬ್ಬಿಗೆ ನಡೆದು ಹೋಗುತ್ತಿದ್ದ ಅವರನ್ನು ಈ ಭಾಗದ ಹಿರಿಯರು ಈಗಲೂ ನೆನೆಯುತ್ತಾರೆ.

ಈ ಜೀವನದಲ್ಲಿ ನಾನು ಗುರುತಿಸಿದ್ದು ಒಂದೇ ಅಂಶ. ನೂರಕ್ಕೂ ಹೆಚ್ಚು ಪುಸ್ತಕಗಳಲ್ಲಿ ಒಂದನ್ನೂ ಅವರ ಮೇಲಧಿಕಾರಿಗಳು ಕೇಳಿರಲಿಲ್ಲ. ಅವು ಬಿಡುವಿನ ಫಲ. ರಜೆಯ ಓದೂ ಹೀಗೆಯೇ ಇರಬೇಕು. ದಿನಕ್ಕೆರಡು ಪುಟ ನಕಲು, ಕಥೆಯ ಸಾರಾಂಶ, ಪ್ರಶ್ನೋತ್ತರ ಎಂದು ನಾವು ಪಟ್ಟಿ ಕೊಟ್ಟರೆ ಅದು ಮನೆಗೆಲಸವಾಗುತ್ತದೆ, ಮೇ ಕೊನೆಯ ಎರಡು ದಿನಗಳಲ್ಲಿ ಅಕ್ಕನ ಕೈಬರಹದಲ್ಲಿ ಮುಗಿಯುತ್ತದೆ.

ಹಾಗಾದರೆ ಶಿಕ್ಷಕರ ಪಾತ್ರವೇನು? ಇದಕ್ಕೂ ಮಾಸ್ತಿಯವರ ಕಥೆಗಳೇ ದಾರಿ ತೋರುತ್ತವೆ. ಅವರ ಕಥೆಗಳಲ್ಲಿ ಯಾರೋ ಒಬ್ಬರು ಇನ್ನೊಬ್ಬರಿಗೆ ಕುಳಿತು ಹೇಳುವ ಧಾಟಿಯಿದೆ. ಮೊಸರಿನ ಮಂಗಮ್ಮದಲ್ಲಿ ಮೊಸರು ಮಾರಲು ಬರುವ ಹೆಂಗಸು ತನ್ನ ಮನೆಯ ಸುಖದುಃಖವನ್ನು ವರ್ತನೆ ಮನೆಯಾಕೆಯ ಮುಂದೆ ತೋಡಿಕೊಳ್ಳುತ್ತಾಳೆ. ಮೊಮ್ಮಗನನ್ನು ಹೊಡೆದದ್ದಕ್ಕೆ ಅತ್ತೆ ಸೊಸೆಯರ ನಡುವೆ ಜಗಳ ಹುಟ್ಟುವಷ್ಟರ ಮಟ್ಟಿಗೆ, ಮಕ್ಕಳಿಗೆ ತಕ್ಕಂತೆ ಸರಳಗೊಳಿಸಿ, ಆ ಕಥೆಯನ್ನು ಹೇಳಿ ನಿಲ್ಲಿಸಿದೆ. ಹುಡುಗ ಯಾರ ಕಡೆ ಹೋದ ಎಂಬ ಚರ್ಚೆ ಗಂಟೆ ಬಾರಿಸಿದ ಮೇಲೂ ನಡೆಯಿತು. ಅರ್ಧ ಕೇಳಿದ ಕಥೆ ಮಗುವನ್ನು ಪುಸ್ತಕದ ಬಾಗಿಲವರೆಗೆ ಕರೆದೊಯ್ಯುತ್ತದೆ.

ಆದರೆ ಬಾಗಿಲು ತೆರೆದಿರಬೇಕು. ಅನೇಕ ಶಾಲೆಗಳಲ್ಲಿ ರಜೆ ಬಂದೊಡನೆ ಪುಸ್ತಕದ ಬೀರುವಿಗೆ ಬೀಗ ಬೀಳುತ್ತದೆ. ಪುಸ್ತಕ ಕಳೆದರೆ ದಾಸ್ತಾನು ವಹಿಗೆ ಉತ್ತರ ಹೇಳಬೇಕಾದವರು ಶಿಕ್ಷಕರು, ಆ ಭಯ ಸುಳ್ಳಲ್ಲ. ತರಗತಿ ಶಿಕ್ಷಕರ ಒಪ್ಪಿಗೆ ಪಡೆದು ನಾವು ಒಂದು ನೋಟ್‌ಬುಕ್‌ನಲ್ಲಿ ಮಗುವಿನ ಹೆಸರು, ಪುಸ್ತಕದ ಹೆಸರು, ಪೋಷಕರ ಸಹಿ ಬರೆಸಿಕೊಂಡೆವು. ತೆಳುವಾದ, ಚಿತ್ರವಿರುವ, ಹರಿದರೂ ಹೆಚ್ಚು ನಷ್ಟವಾಗದ ಪುಸ್ತಕಗಳನ್ನೇ ಆರಿಸಿದೆವು. ಓದು ಬಾರದ ಅಮ್ಮನಿಗೆ ಮಗು ಓದಿ, ಮನೆಮಾತಿನಲ್ಲೇ ಕಥೆ ಹೇಳಬಹುದು ಎಂದು ತಿಳಿಸಿದೆವು. ಕಥೆ ತಮಿಳಿಗೋ ಉರ್ದುವಿಗೋ ದಾಟಬೇಕಾದರೆ ಕನ್ನಡದ ಪ್ರತಿ ವಾಕ್ಯವೂ ಮಗುವಿಗೆ ಅರ್ಥವಾಗಿರಲೇಬೇಕು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೇಲೆ, ಜೂನ್ 5ರಂದು ಎಲ್ಲ ಶಾಲೆಗಳೂ ಪರಿಸರ ದಿನ ಆಚರಿಸಿ ಸಸಿ ನೆಡುತ್ತವೆ. ಮರುದಿನ ಮಾಸ್ತಿಯವರ ಜನ್ಮದಿನ, ಪುಣ್ಯದಿನವೂ ಅದೇ. ಆ ದಿನ ಒಂದು ಅವಧಿಯನ್ನು ಕಥೆ ಹೇಳಲು ಬಿಡಬಹುದು. ಅಂಕವಿಲ್ಲ, ಬರವಣಿಗೆಯಿಲ್ಲ. ಓದಿದವರು ಹೇಳುತ್ತಾರೆ, ಓದದವರು ಕೇಳುತ್ತಾರೆ. ಕೇಳಿದವರು ಆ ಪುಸ್ತಕವನ್ನು ಅಲ್ಲೇ ಬದಲಾಯಿಸಿಕೊಳ್ಳುತ್ತಾರೆ. ಭಾನುವಾರ ಬಿದ್ದರೆ ಸೋಮವಾರ ನಡೆಸಿದರಾಯಿತು.

ನನ್ನ ಬೋಧನಾಭ್ಯಾಸ ಏಪ್ರಿಲ್‌ನಲ್ಲಿ ಮುಗಿಯಿತು. ನೋಟ್‌ಬುಕ್ ತರಗತಿ ಶಿಕ್ಷಕರ ಬಳಿಯಿದೆ. ಜೂನ್‌ನಲ್ಲಿ ಆ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿ ಮಿತ್ರರು ತಮ್ಮ ಪಾಠಯೋಜನೆಯಲ್ಲಿ ಅದೊಂದು ಅವಧಿಯನ್ನು ಖಾಲಿ ಇಡಬೇಕೆಂದು ಕೋರುತ್ತೇನೆ. ಕಥೆ ಹೇಳಲು ಸಿದ್ಧರಾಗಿ ಬಂದ ಮಕ್ಕಳನ್ನು ಕೇಳುವವರು ಅಲ್ಲಿ ಇರಬೇಕು.